ಹ್ಯಾರಿಯೆಟ್ ಟಬ್ಮನ್ ಎಂಬಾಕೆಯ ಚರಿತ್ರೆ

ಮನುಷ್ಯನು ಮಾಡಿದ ಸೇವೆಯನ್ನು ದೇವರು ಬಲ್ಲನು. ಸರಕಾರದ ಕಚೇರಿಯಾದರೋ ಅದನ್ನು ಕಾಗದದ ಮೂಲಕವೇ ಬಲ್ಲದು. ರೋಗಿಗಳಾದ ಸೈನಿಕರನ್ನು ಯುದ್ಧಕಾಲದಲ್ಲಿ ಉಪಚರಿಸಿ, ಆ ಸೇವೆಯು ಸೇವೆಯೆಂದು ಎಣಿಸಲ್ಪಡುವುದಕ್ಕಾಗಿ ಮೂವತ್ತು ವರುಷಗಳಿಗೂ ಮಿಕ್ಕಿ ಕಾದುಕೊಂಡಿದ್ದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಈ ತಿಂಗಳು ನಮ್ಮ ಸಭೆಗಳ ಮುಂದೆ ಇಡುತ್ತೇವೆ.

ಹ್ಯಾರಿಯೆಟ್ ಟಬ್ಮನ್ ಎಂಬಾಕೆಯು ಅಮೇರಿಕಾ ದೇಶದ ಮೇರಿಲ್ಯಾಂಡ್ ಪ್ರಾಂತದಲ್ಲಿ ಸುಮಾರು 1822ರಲ್ಲಿ ಹುಟ್ಟಿದಳು. ಸುಮಾರು ಎಂದು ಹೇಳುವುದಕ್ಕೆ ಕಾರಣವೇನಂದರೆ, ಆಕೆಯ ತಂದೆತಾಯಿಗಳು ದಾಸರಾಗಿದ್ದರು. ದಾಸರ ಮಕ್ಕಳ ಜನ್ಮದಿನವನ್ನು ಜೋಕೆಯಿಂದ ಬರೆದಿಡುವವರು ಆ ಕಾಲದಲ್ಲಿ ವಿರಳ. ಬಾಲ್ಯದಲ್ಲಿ ಒಬ್ಬ ಮೇಲ್ವಿಚಾರಕನು ಮತ್ತೊಬ್ಬ ದಾಸನ ಮೇಲೆ ಎಸೆದ ಕಬ್ಬಿಣದ ತೂಕದ ಕಲ್ಲು ಈಕೆಯ ತಲೆಗೆ ತಗಲಿತು. ಅಂದಿನಿಂದ ಸಾಯುವ ವರೆಗೂ ಮಾತಾಡುತ್ತಿರುವಾಗಲೇ ಆಕೆಗೆ ಗಾಢ ನಿದ್ರೆಯು ಬಂದುಬಿಡುತ್ತಿತ್ತು. ಓದುಬರಹವನ್ನು ಆಕೆಗೆ ಯಾರೂ ಕಲಿಸಲಿಲ್ಲ. ಆದರೂ ಸತ್ಯವೇದದ ಕಥೆಗಳನ್ನು ತಾಯಿಯ ಬಾಯಿಂದ ಕೇಳಿ ಹೃದಯದಲ್ಲಿ ಇಟ್ಟುಕೊಂಡಿದ್ದಳು.

1849ರಲ್ಲಿ ಆಕೆಯು ರಾತ್ರಿಕಾಲದಲ್ಲಿ ನಡೆದು ದಾಸತ್ವದಿಂದ ತಪ್ಪಿಸಿಕೊಂಡು ಪೆನ್ಸಿಲ್ವೇನಿಯ ಪ್ರಾಂತವನ್ನು ಸೇರಿದಳು. ತಾನೊಬ್ಬಳೇ ಬಿಡುಗಡೆಯಾದದ್ದು ಆಕೆಗೆ ಸಾಕಾಗಲಿಲ್ಲ. ಮುಂದಿನ ಹತ್ತು ವರುಷಗಳಲ್ಲಿ ಸುಮಾರು 13 ಸಾರಿ ಹಿಂದಿರುಗಿ ಹೋಗಿ, ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಮತ್ತಿತರರನ್ನೂ ಕೂಡಿಸಿ ಸುಮಾರು 70 ಮಂದಿಯನ್ನು ಕರೆತಂದಳು. ಓಡಿಹೋದ ದಾಸರನ್ನು ಹಿಡಿದೊಪ್ಪಿಸಬೇಕೆಂಬ ಕಠಿಣವಾದ ಕಾಯಿದೆಯು 1850ರಲ್ಲಿ ಆದಕಾರಣ, ಅವರಲ್ಲಿ ಅನೇಕರನ್ನು ಕೆನಡಾ ದೇಶದ ವರೆಗೂ ನಡಿಸಬೇಕಾಯಿತು. ಐಗುಪ್ತದಿಂದ ಇಸ್ರಾಯೇಲ್ಯರನ್ನು ನಡಿಸಿದವನ ಹೆಸರನ್ನು ಆಕೆಗೆ ಕೊಟ್ಟು ಜನರು ಆಕೆಯನ್ನು ಮೋಶೆ ಎಂದು ಕರೆದರು.

1861ರಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧವು ಹುಟ್ಟಿತು. 1862ರಲ್ಲಿ ಹ್ಯಾರಿಯೆಟ್ಟಳು ದಕ್ಷಿಣ ಕೆರೊಲೈನ ಪ್ರಾಂತದ ಬ್ಯೂಫರ್ಟ್ ಊರಿಗೆ ಹೋಗಿ, ಉತ್ತರದ ಸೈನಿಕರಿಗೂ ಬಿಡುಗಡೆಯಾಗಿ ಬಂದ ದಾಸರಿಗೂ ದಾದಿಯಾದಳು. ಆ ದೇಶದಲ್ಲಿ ದಾದಿಯರಿಗೆ ಕಲಿಸುವ ಶಾಲೆಗಳು ನೆಲೆಗೊಂಡದ್ದು 1870ರ ಅನಂತರವೇ. ಆದಕಾರಣ ಆಕೆಯ ಕೈಯಲ್ಲಿ ಯೋಗ್ಯತಾಪತ್ರವಿರಲಿಲ್ಲ. ಯುದ್ಧದ ಆಸ್ಪತ್ರೆಗಳಲ್ಲಿದ್ದ ಬೇರೆ ದಾದಿಯರಲ್ಲಿಯೂ ಹೆಚ್ಚಿನವರಿಗೆ ಅದಿರಲಿಲ್ಲ. ರಕ್ತಭೇದಿಯವರಿಗೆ ಗಿಡಬೇರುಗಳ ಕಷಾಯವನ್ನು ಕಾಯಿಸಿಕೊಟ್ಟಳು. ಸಿಡುಬಿನವರ ಬಳಿಯಲ್ಲಿಯೂ ಭಯಪಡದೆ ಕುಳಿತಳು. ಸರಕಾರದಿಂದ ಆಕೆಗೆ ದೊರೆಯುತ್ತಿದ್ದ ಪಡಿಯನ್ನು ಕಂಡು ಕೆಲವರು ಅಸಮಾಧಾನಪಡಲು, ಅದನ್ನೂ ಬಿಟ್ಟುಬಿಟ್ಟಳು. ಹಗಲೆಲ್ಲಾ ರೋಗಿಗಳ ಸೇವೆ ಮಾಡಿ, ರಾತ್ರಿಯಲ್ಲಿ ತಿಂಡಿಗಳನ್ನೂ ಪಾನಕವನ್ನೂ ಮಾಡಿ ಮಾರಿಸಿ ಹೊಟ್ಟೆ ಹೊರೆದಳು. ಯುದ್ಧಕಾಲದಲ್ಲಿ ಆಕೆಗೆ ಸಂದ ಹಣವು ಸುಮಾರು 200 ಡಾಲರು. ಅದರಿಂದ ಬಿಡುಗಡೆಯಾದ ಸ್ತ್ರೀಯರಿಗಾಗಿ ಒಂದು ಬಟ್ಟೆ ಒಗೆಯುವ ಮನೆಯನ್ನು ಕಟ್ಟಿಸಿ, ಅವರು ಸ್ವಂತ ದುಡಿಮೆಯಿಂದ ಜೀವಿಸುವಂತೆ ಮಾಡಿದಳು.

ಆಕೆಯು ಸೈನ್ಯಕ್ಕೆ ಗೂಢಚಾರಳಾಗಿಯೂ ದಾರಿತೋರಿಸುವವಳಾಗಿಯೂ ಕೆಲಸಮಾಡಿದಳು. 1863ನೆಯ ಜೂನ್ 2ರಲ್ಲಿ ಕರ್ನಲ್ ಮಾಂಟ್ಗೊಮೆರಿಯ ಸೈನಿಕರು ಕಾಂಬಾಹೀ ನದಿಯನ್ನೇರಿ ಹೋದಾಗ ಆಕೆಯೂ ಸಂಗಡ ಹೋದಳು; ಆ ದಿನ 700ಕ್ಕೂ ಹೆಚ್ಚು ದಾಸರು ಬಿಡುಗಡೆಯಾದರು. 1865ರಲ್ಲಿ ವರ್ಜೀನಿಯ ಪ್ರಾಂತದ ಮನ್ರೋ ಕೋಟೆಯ ಆಸ್ಪತ್ರೆಯಲ್ಲಿ ಕಪ್ಪುಜನರ ಶುಶ್ರೂಷೆಯನ್ನು ಮಾಡಿದಳು.

ಅದೇ ವರುಷ ಮನೆಗೆ ಹಿಂದಿರುಗುವಾಗ ನಡೆದ ಸಂಗತಿಯನ್ನು ನಾವು ಮರೆಯಬಾರದು. ಸೈನ್ಯಸೇವೆಯ ನಿಮಿತ್ತ ಕಡಿಮೆ ಕೂಲಿಗೆ ರೈಲು ಪ್ರಯಾಣ ಮಾಡುವ ಚೀಟಿಯು ಆಕೆಯ ಕೈಯಲ್ಲಿತ್ತು. ಗಾಡಿಯ ಅಧಿಕಾರಿಯು ಆ ಚೀಟಿಯನ್ನು ನಂಬಲಿಲ್ಲ. ಕಪ್ಪು ಹೆಂಗಸೊಬ್ಬಳಿಗೆ ಇಂಥ ಚೀಟಿ ಎಲ್ಲಿಂದ ಬಂತೆಂದು ಎಣಿಸಿ, ಕೆಲವರ ಸಹಾಯದಿಂದ ಆಕೆಯನ್ನು ಎಳೆದು ಸಾಮಾನುಗಳ ಗಾಡಿಗೆ ತಳ್ಳಿಸಿದನು. ಆಕೆಯ ತೋಳಿಗೆ ಬಹಳ ಪೆಟ್ಟಾಯಿತು. ಸಾವಿರಾರು ಮಂದಿ ಗಾಯಪಟ್ಟವರನ್ನು ಕಂಡಿದ್ದ ದಾದಿಯು ತಾನೇ ಗಾಯಪಟ್ಟವಳಾಗಿ ಮನೆ ಸೇರಿದಳು. ಕಾಗದವಿಲ್ಲದವರಿಗೆ ಕಷ್ಟವುಂಟು, ಕಾಗದವಿದ್ದರೂ ನೋಡುವವನ ಹೃದಯದಲ್ಲಿ ನ್ಯಾಯವಿಲ್ಲದಿದ್ದರೆ ಅದೂ ವ್ಯರ್ಥವೇ.

ನ್ಯೂಯಾರ್ಕ್ ಪ್ರಾಂತದ ಆಬರ್ನ್ ಊರಿನಲ್ಲಿ ಆಕೆಯು ವೃದ್ಧರಾದ ತಂದೆತಾಯಿಗಳನ್ನೂ ಗತಿಯಿಲ್ಲದೆ ಬಾಗಿಲಿಗೆ ಬಂದವರನ್ನೂ ಸಾಕುತ್ತಾ ಬಡತನದಲ್ಲಿ ಜೀವಿಸಿದಳು. ತನ್ನ ಸೇವೆಗೆ ಸಲ್ಲಬೇಕಾದ ಸಂಬಳಕ್ಕಾಗಿ ಸರಕಾರವನ್ನು ಬೇಡಿಕೊಂಡಳು. ಸೇನಾಧಿಪತಿಗಳು ಆಕೆಯ ಪರವಾಗಿ ಪತ್ರಗಳನ್ನು ಬರೆದುಕೊಟ್ಟರು. ಆದರೆ ಕ್ರಮವಾದ ನೇಮಕದ ಆಜ್ಞೆಯೂ ಸಂಬಳದ ಪಟ್ಟಿಯಲ್ಲಿ ಹೆಸರೂ ಇಲ್ಲದವಳ ಬಿನ್ನಹವು ಕಚೇರಿಯಿಂದ ಕಚೇರಿಗೆ ಅಲೆಯಿತು. ಆಕೆಗೆ 2,000 ಡಾಲರು ಕೊಡಬೇಕೆಂಬ ಮಸೂದೆಯು 1874ರಲ್ಲಿ ಶಾಸನಸಭೆಯ ಕೆಳಮನೆಯಲ್ಲಿ ಅಂಗೀಕಾರವಾಗಿಯೂ ಮೇಲ್ಮನೆಯಲ್ಲಿ ಬಿದ್ದುಹೋಯಿತು. ಯುದ್ಧದಲ್ಲಿ ಆರು ತಿಂಗಳಾದರೂ ಸೇವೆಮಾಡಿದ ದಾದಿಯರಿಗೆ ತಿಂಗಳಿಗೆ 12 ಡಾಲರು ಪಿಂಚಣಿ ಕೊಡುವ ಕಾಯಿದೆಯು 1892ರಲ್ಲಿ ಆಯಿತು. ಅಧಿಕಾರವುಳ್ಳವರಿಂದ ನೇಮಕವಾದದ್ದಕ್ಕೆ ರುಜುವಾತು ಬೇಕೆಂದು ಅದರಲ್ಲಿಯೂ ಇತ್ತು.

1869ರಲ್ಲಿ ಆಕೆಯು ಯುದ್ಧದಲ್ಲಿ ಸೈನಿಕನಾಗಿದ್ದ ನೆಲ್ಸನ್ ಡೇವಿಸ್ ಎಂಬವನನ್ನು ಆಬರ್ನಿನ ಪ್ರೆಸ್ಬಿಟೀರಿಯನ್ ಸಭೆಯ ದೇವಾಲಯದಲ್ಲಿ ಮದುವೆಯಾಗಿದ್ದಳು. ಅವನು 1888ರಲ್ಲಿ ಮೃತನಾದನು. ಸೈನಿಕರ ವಿಧವೆಯರಿಗೆ ಪಿಂಚಣಿಯುಂಟೆಂದು 1890ರಲ್ಲಿ ಕಾಯಿದೆಯಾದಾಗ ಆಕೆಯು ಬೇಡಿಕೊಂಡಳು. ಅವನು ಸೈನ್ಯದಲ್ಲಿ ನೆಲ್ಸನ್ ಚಾರ್ಲ್ಸ್ ಎಂಬ ಹೆಸರಿನಿಂದ ಇದ್ದನು. ಊರಿನಲ್ಲಿ ಡೇವಿಸ್ ಎಂದಿದ್ದನು. ಇಬ್ಬರೂ ಒಬ್ಬನೇ ಎಂದು ಸಾಕ್ಷಿಗಳಿಂದ ಸ್ಥಾಪಿಸುವಷ್ಟರಲ್ಲಿ ಐದು ವರುಷಗಳು ಕಳೆದು, 1895ರಲ್ಲಿ ತಿಂಗಳಿಗೆ 8 ಡಾಲರು ಮಂಜೂರಾಯಿತು. ಕೊನೆಗೆ 1899ರಲ್ಲಿ ಶಾಸನಸಭೆಯು ಆಕೆಯ ದಾದಿಸೇವೆಯನ್ನು ಒಪ್ಪಿಕೊಂಡು ಅದನ್ನು 20 ಡಾಲರಿಗೆ ಏರಿಸಿತು. ಯುದ್ಧವು ಮುಗಿದು ಆಗಲೇ 34 ವರುಷಗಳಾಗಿದ್ದವು.

ಆ ಹಣವನ್ನೂ ಆಕೆಯು ತನಗಾಗಿ ಕೂಡಿಡಲಿಲ್ಲ. ದಿಕ್ಕಿಲ್ಲದ ವೃದ್ಧರಿಗಾಗಿ 1896ರಲ್ಲಿ ಹರಾಜಿನಲ್ಲಿ ಕೊಂಡಿದ್ದ 25 ಎಕರೆ ಭೂಮಿಯನ್ನು 1903ರಲ್ಲಿ ತನ್ನ ಮೆಥೊಡಿಸ್ಟ್ ಸಭೆಗೆ ಒಪ್ಪಿಸಿದಳು. ವೃದ್ಧರ ಆಶ್ರಮವು 1908ರಲ್ಲಿ ತೆರೆಯಲ್ಪಟ್ಟಿತು. 1913ನೆಯ ಮಾರ್ಚ್ 10ರಲ್ಲಿ ಆಕೆಯು ಕರ್ತನಲ್ಲಿ ನಿದ್ರೆಹೋದಳು. ಸೈನ್ಯದ ಮರ್ಯಾದೆಯೊಡನೆ ಹೂಣಲ್ಪಟ್ಟಳು. 2024ರಲ್ಲಿ ಮೇರಿಲ್ಯಾಂಡ್ ಪ್ರಾಂತವು ಆಕೆಗೆ ಮರಣಾನಂತರ ಬ್ರಿಗೇಡಿಯರ್ ಜನರಲ್ ಪದವಿಯನ್ನು ಕೊಟ್ಟಿತು.

ಸಹೋದರ ಸಹೋದರಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಈಗ ಕಾಲವು ಬದಲಾಗಿದೆ. ರೋಗಿಯ ಜೀವವು ದಾದಿಯ ಕೈಯಲ್ಲಿರುವದರಿಂದ ಆಕೆಯ ವಿದ್ಯೆಯನ್ನು ಪರೀಕ್ಷಿಸುವುದು ನ್ಯಾಯವೇ. ಅಮೇರಿಕದಲ್ಲಿ ಮಾಜಿ ಸೈನಿಕರ ಸರಕಾರಿ ಆಸ್ಪತ್ರೆಗಳಲ್ಲಿ ದಾದಿಯಾಗಬೇಕಾದವರು, ತಾವೇ ಸೈನ್ಯದಲ್ಲಿದ್ದವರಾದರೂ, ಸಾಮಾನ್ಯವಾಗಿ ಅಂಗೀಕೃತ ಶಾಲೆಯ ಪದವಿಯನ್ನು ತೋರಿಸಬೇಕು. ನಮ್ಮ ದೇಶದಲ್ಲಿಯೂ 1947ರ ಕಾಯಿದೆಯಿಂದ ಭಾರತ ದಾದಿಯರ ಮಂಡಳಿಯು ಸ್ಥಾಪಿತವಾಯಿತು. ನಮ್ಮ ಹಳ್ಳಿಗಳ ಮಕ್ಕಳು ಈ ವಿದ್ಯೆಗೆ ಹೊರಡುವಾಗ, ಹೊಲವನ್ನು ಅಡವಿಟ್ಟು ಹಣ ಕಟ್ಟುವ ಮುಂಚೆ ಆ ಶಾಲೆಗೆ ಅಂಗೀಕಾರವುಂಟೋ ಎಂದು ತಂದೆತಾಯಿಗಳು ವಿಚಾರಿಸಲಿ. ಶಾಲೆಯ ಕಟ್ಟಡವನ್ನು ನೋಡಿ ಮೋಸಹೋಗಬೇಡಿರಿ. ವರುಷಗಳೂ ಹಣವೂ ಹೋದ ಮೇಲೆ ಪದವಿಯು ಸಲ್ಲದೆಂದು ತಿಳಿದರೆ ಅಳುವುದರಿಂದ ಪ್ರಯೋಜನವಿಲ್ಲ.

ಸಭೆಯ ಕೆಲಸಗಾರರಾದ ನಮಗೂ ಇಲ್ಲಿ ಎಚ್ಚರಿಕೆಯುಂಟು. ದೀಕ್ಷಾಸ್ನಾನದ ಪುಸ್ತಕವನ್ನೂ ಮದುವೆಯ ಪುಸ್ತಕವನ್ನೂ ನಾವು ಅವಸರದಿಂದ ಬರೆಯುತ್ತೇವೆ. ಒಮ್ಮೆ ಒಂದು ಹೆಸರು, ಇನ್ನೊಮ್ಮೆ ಮತ್ತೊಂದು. ನಾವು ತಪ್ಪಾಗಿ ಬರೆದ ಒಂದು ಹೆಸರಿಗಾಗಿ ಒಬ್ಬ ವಿಧವೆಯು ವರುಷಗಟ್ಟಲೆ ಕಚೇರಿಯ ಮೆಟ್ಟಲು ಹತ್ತಬೇಕಾದೀತು.

ಯೊಪ್ಪದ ದೊರ್ಕಳು ಸತ್ತಾಗ ವಿಧವೆಯರು ಪೇತ್ರನ ಮುಂದೆ ಆಕೆಯು ಹೊಲಿದುಕೊಟ್ಟ ಅಂಗಿಗಳನ್ನೇ ತೋರಿಸಿ ಅತ್ತರು. ಅವೇ ಆಕೆಯ ಯೋಗ್ಯತಾಪತ್ರಗಳು. ಹ್ಯಾರಿಯೆಟ್ಟಳಿಗೂ ಅಂಥ ಸಾಕ್ಷಿಗಳು ಬಹಳ ಇದ್ದವು. ಕಾಗದವನ್ನು ಜೋಪಾನಮಾಡೋಣ, ಕಾಗದವಿಲ್ಲದವರ ಸೇವೆಯನ್ನು ಹೀನೈಸದಿರೋಣ. ತನ್ನ ಪುಸ್ತಕದಲ್ಲಿ ಯಾರ ಹೆಸರನ್ನೂ ತಪ್ಪಾಗಿ ಬರೆಯದ ಕರ್ತನು ಇದಕ್ಕೆ ನಮಗೆ ಕೃಪೆಯನ್ನು ಅನುಗ್ರಹಿಸಲಿ.