ತೌಬಾದ ನಂತರದ ಎರಡು ವರ್ಷ

ಕಳೆದ ತಿಂಗಳು ಬೆಳಗ್ಗಿನ ಮದ್ರಸ ಬಿಟ್ಟ ಹೊತ್ತಿಗೆ ಒಬ್ಬರು ತಾಯಿ ಬಾಟ್ಲಿಯಲ್ಲಿ ನೀರು ಹಿಡಿದು ಬಂದಿದ್ದರು. ಓದಿ ಊದಿ ಕೊಡಿ ಉಸ್ತಾದರೇ ಅಂದರು. ಮಗನಿಗೆ ಕುಡಿತ, ಗಾಂಜಾ ಎರಡೂ ಇತ್ತು. ರಮಝಾನಿನಲ್ಲಿ ಅತ್ತು ತೌಬಾ ಮಾಡಿ ಬಿಟ್ಟಿದ್ದಾನೆ. ಮೂರು ತಿಂಗಳು ಮುಟ್ಟಲಿಲ್ಲ. ಆದರೆ ಈಗ ಸಂಜೆಯಾದರೆ ಕೈ ನಡುಗ್ತದೆ, ಮನಸ್ಸು ಅಲ್ಲಿಗೇ ಓಡ್ತದೆ. ಹಾಗಾಗಿ ತನ್ನ ತೌಬಾ ಸ್ವೀಕಾರ ಆಗಲಿಲ್ಲ ಅಂತ ಅವನೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ಸ್ವೀಕಾರ ಆಗದ ಮೇಲೆ ಬಿಟ್ಟು ಏನು ಪ್ರಯೋಜನ ಎನ್ನುವ ಮಾತೂ ಶುರುವಾಗಿದೆ.

ನೀರು ಓದಿ ಕೊಟ್ಟೆವು. ಡಾಕ್ಟರರಿಗೆ ತೋರಿಸಲೇಬೇಕು ಎಂದೂ ಹೇಳಿದೆವು. ಹುಡುಗನನ್ನು ಕರೆಸಿ ಬಾಬರ್ ಬಾದಶಾಹನ ಕಥೆ ಹೇಳಿದೆವು. ಬಾಬರ್ ಎಂದ ಕೂಡಲೇ ಈಗ ಜನರಿಗೆ ಬೇರೆಯೇ ಜಗಳ ನೆನಪಾಗ್ತದೆ. ಅದು ಇಲ್ಲಿ ಬೇಡ. ನಾವು ಹೇಳಿದ್ದು ಚಟ ಬಿಟ್ಟ ಒಬ್ಬ ಮನುಷ್ಯನ ಕಥೆ. ಅದನ್ನು ಅವನೇ ತನ್ನ ಮಾತೃಭಾಷೆಯಾದ ತುರ್ಕಿಯಲ್ಲಿ, ಬಾಬರ್‌ನಾಮಾದಲ್ಲಿ, ಮುಚ್ಚುಮರೆ ಇಲ್ಲದೆ ಬರೆದಿಟ್ಟಿದ್ದಾನೆ.

ಬಾಬರ್ ಹುಟ್ಟಿದ್ದು 1483ರಲ್ಲಿ, ಈಗಿನ ಉಝ್ಬೆಕಿಸ್ತಾನದ ಅಂದಿಜಾನ್‌ನಲ್ಲಿ. ತಂದೆ ಉಮರ್ ಶೇಖ್ ಮಿರ್ಝಾ ಕುಡಿಯುತ್ತಿದ್ದವರು. ಮಗನಿಗೂ ಕೊಡಲು ನೋಡಿದ್ದುಂಟು, ಮಗ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. 1494ರಲ್ಲಿ ತಂದೆ ತೀರಿಕೊಂಡಾಗ ಇವನಿಗೆ ಹನ್ನೊಂದು ವರ್ಷ. ಖ್ವಾಜಾ ಮೌಲಾನಾ ಖಾಝಿ ಎಂಬ ಗುರುಗಳ ನೆರಳಿನಲ್ಲಿ ಬೆಳೆದ ಹುಡುಗ ಮದ್ಯ ಬಿಡಿ, ಸಂಶಯದ ಆಹಾರವನ್ನೂ ಮುಟ್ಟುತ್ತಿರಲಿಲ್ಲ. ಸಮರ್ಖಂದ್ ಗೆದ್ದ, ಕಳಕೊಂಡ, ಊರಿಲ್ಲದೆ ಗುಡ್ಡಗಾಡಿನಲ್ಲಿ ಅಲೆದ, 1504ರಲ್ಲಿ ಕಾಬೂಲ್ ಹಿಡಿದ. ಇಷ್ಟೆಲ್ಲ ಕಷ್ಟದಲ್ಲೂ ಕುಡಿಯಲಿಲ್ಲ. ಕಷ್ಟಕ್ಕೆ ಕುಡಿತೇನೆ ಎನ್ನುವವರು ಇದನ್ನು ಗಮನಿಸಬೇಕು.

ಚಟ ಬಂದದ್ದು ಬೇರೆ ದಾರಿಯಿಂದ. 1506ರಲ್ಲಿ ಅವನು ಹೆರಾತ್‌ಗೆ ಹೋದ. ಅಲ್ಲಿನ ಮಿರ್ಝಾಗಳು ಸಂಬಂಧಿಕರು, ದೊಡ್ಡ ಮನೆತನ, ರಾತ್ರಿಯಿಡೀ ಕೂಟ. ಎಲ್ಲರೂ ಸೇರಿ ಒತ್ತಾಯಿಸಿದಾಗ ಇವನಿಗೂ ಆಸೆಯಾಯಿತು. ಇಷ್ಟು ಚಂದದ ಊರಿನಲ್ಲಿ ಕುಡಿಯದಿದ್ದರೆ ಮತ್ತೆಲ್ಲಿ ಕುಡಿಯುವುದು ಅಂತ ತನ್ನೊಳಗೇ ವಾದ ಮಾಡಿಕೊಂಡದ್ದನ್ನು ಬರೆದಿದ್ದಾನೆ. ಆಗ ತಪ್ಪಿಸಿದ್ದು ಕಾಸಿಂ ಬೇಗ್ ಎಂಬ ಹಳೆಯ ಸರದಾರ. ಸುದ್ದಿ ಕೇಳಿ ಸಿಟ್ಟಾಗಿ ಆತಿಥೇಯರಿಗೆ ಹೇಳಿ ಕಳಿಸಿದ, ಒತ್ತಾಯ ನಿಂತಿತು. ಮದುವೆ ಮನೆಯ ಹಿಂದಿನ ಕೋಣೆಯಲ್ಲಿ ನಮ್ಮ ಹುಡುಗರಿಗೆ ಮೊದಲ ಗ್ಲಾಸು ಕೊಡುವವರೂ ಹೀಗೇ ಸಂಬಂಧಿಕರೇ. ಆದರೆ ಬಾಗಿಲು ತಟ್ಟುವ ಕಾಸಿಂ ಬೇಗ್ ಎಲ್ಲ ಮನೆಯಲ್ಲೂ ಇರುವುದಿಲ್ಲ.

ಇವನಿಗೂ ಕೊನೆಯವರೆಗೆ ಇರಲಿಲ್ಲ. 1519ರ ದಿನಚರಿ ತೆರೆದರೆ ಕುಡಿತವೇ ಕುಡಿತ. ತೋಟದಲ್ಲಿ, ದೋಣಿಯಲ್ಲಿ, ಬೆಳಿಗ್ಗೆ, ರಾತ್ರಿ. ಒಂದು ದಿನ ಹಗಲಿಡೀ ಕುಡಿದು ಕೈಯಲ್ಲಿ ಪಂಜು ಹಿಡಿದು ಕುದುರೆ ಓಡಿಸಿಕೊಂಡು ಡೇರೆಗೆ ಬಂದಿದ್ದ. ಮಾರನೇ ದಿನ ಜನ ಹೇಳಿದಾಗ ಒಂದಿಷ್ಟೂ ನೆನಪಿಲ್ಲ. ಜೊತೆಗೆ ಮಅಜೂನ್ ಎಂಬ ಅಮಲಿನ ಲೇಹ್ಯ ಬೇರೆ. ನಲವತ್ತಾದಾಗ ಬಿಡುತ್ತೇನೆ ಎಂದು ಮನಸ್ಸಿನಲ್ಲಿ ಹರಕೆ ಇಟ್ಟುಕೊಂಡಿದ್ದ. ಹೇಗೂ ಬಿಡಲಿಕ್ಕುಂಟಲ್ಲ ಅಂತ ನಲವತ್ತು ಹತ್ತಿರವಾದ ಹಾಗೆ ಇನ್ನೂ ಹೆಚ್ಚು ಕುಡಿದ. ನಲವತ್ತು ಬಂತು, ಹೋಯಿತು, ಬಿಡಲಿಲ್ಲ. ಮದುವೆಯಾದ ಮೇಲೆ ಬಿಡ್ತೇನೆ, ಗಲ್ಫಿಗೆ ಹೋದ ಮೇಲೆ ಬಿಡ್ತೇನೆ ಎನ್ನುವ ಮಾತು ನಾವೂ ಕೇಳ್ತಾ ಇರ್ತೇವೆ.

1526ರಲ್ಲಿ ಪಾಣಿಪತ್ ಗೆದ್ದು ದಿಲ್ಲಿ, ಆಗ್ರಾ ಹಿಡಿದ. ಮರುವರ್ಷ ರಾಣಾ ಸಂಗ ದೊಡ್ಡ ಸೈನ್ಯದೊಂದಿಗೆ ಎದುರು ನಿಂತ. ಬಾಬರನ ಸೈನಿಕರಿಗೆ ಜಂಘಾಬಲವೇ ಉಡುಗಿತು. ಸಾಲದ್ದಕ್ಕೆ ಒಬ್ಬ ಜ್ಯೋತಿಷಿ ಗ್ರಹಗತಿ ಸರಿಯಿಲ್ಲ ಎಂದು ಊರೆಲ್ಲ ಸಾರುತ್ತಿದ್ದ. ಆ ಸಮಯದಲ್ಲಿ, 1527ರ ಫೆಬ್ರವರಿ 25ರಂದು, ಸಿಕ್ರಿಯ ಹತ್ತಿರ ಬಾಬರ್ ತೌಬಾ ಮಾಡಿದ. ಬೆಳ್ಳಿ, ಬಂಗಾರದ ಬಟ್ಟಲು, ಹೂಜಿಗಳನ್ನೆಲ್ಲ ತರಿಸಿ ಒಡೆಸಿ ಬಡವರಿಗೂ ದರ್ವೇಶರಿಗೂ ಹಂಚಿದ. ಇದ್ದ ಮದ್ಯವನ್ನು ನೆಲಕ್ಕೆ ಚೆಲ್ಲಿಸಿದ. ಚೆಲ್ಲಿದ ಜಾಗದಲ್ಲಿ ಮೆಟ್ಟಿಲ ಬಾವಿಯೂ ಧರ್ಮಶಾಲೆಯೂ ಆಗಬೇಕೆಂದು ಅಪ್ಪಣೆ ಕೊಟ್ಟ. ಸುಮಾರು ಮುನ್ನೂರು ಮಂದಿ ಅವನ ಜೊತೆ ಬಿಟ್ಟರು. ಘಝ್ನಿಯಿಂದ ಆಗಷ್ಟೇ ಒಂಟೆಗಳ ಮೇಲೆ ಬಂದಿದ್ದ ಹೊಸ ಮದ್ಯಕ್ಕೆ ಉಪ್ಪು ಹಾಕಿಸಿ ಸಿರ್ಕಾ, ಅಂದರೆ ವಿನೆಗರ್, ಮಾಡಲು ಹೇಳಿದ. ನಮ್ಮ ಶಾಫಿಈ ಮದ್ಹಬಿನಲ್ಲಿ ಹೀಗೆ ಏನಾದರೂ ಬೆರೆಸಿ ಮಾಡಿದ ಸಿರ್ಕಾ ಶುದ್ಧವಾಗುವುದಿಲ್ಲ. ಬಾಬರ್ ಹನಫಿ, ಅವರಲ್ಲಿ ಆಗ್ತದೆ. ಓದುಗರಿಗೆ ಗೊಂದಲ ಬೇಡವೆಂದು ಹೇಳಿದೆವು.

ಭಯದಲ್ಲಿ ಮಾಡಿದ ತೌಬಾ ಅಂತ ಯಾರಾದರೂ ಹೇಳಬಹುದು. ಹೌದು, ಭಯವಿತ್ತು, ಸೈನ್ಯಕ್ಕೆ ಹುರುಪು ತುಂಬುವ ಉದ್ದೇಶವೂ ಇತ್ತು. ನಮ್ಮ ದೃಷ್ಟಿಯಲ್ಲಿ ಅದು ಕುಂದಲ್ಲ. ಮನುಷ್ಯ ಅಲ್ಲಾಹನ ಕಡೆ ತಿರುಗುವುದು ಹೆಚ್ಚಾಗಿ ಕಾಲಡಿ ನೆಲ ಕುಸಿದಾಗಲೇ. ನೋಡಬೇಕಾದ್ದು ಭಯ ಹೋದ ಮೇಲೆ ಏನಾಯಿತು ಅಂತ. ಮಾರ್ಚ್ 17ಕ್ಕೆ ಖಾನ್ವಾದಲ್ಲಿ ಯುದ್ಧ ನಡೆಯಿತು, ಬಾಬರ್ ಗೆದ್ದ. ಹರಕೆಗೆ ಕಾರಣವಾದ ಅಪಾಯ ಮೂರು ವಾರದಲ್ಲೇ ಮುಗಿದಿತ್ತು. ಹಿಂದುಸ್ತಾನದ ಬಾದಶಾಹ, ಕೇಳುವವರಿಲ್ಲ. ಒಂದು ಮಾತು ಹೇಳಿದರೆ ಘಝ್ನಿಯಿಂದ ಮತ್ತೆ ಒಂಟೆಗಳು ಬರುತ್ತಿದ್ದವು.

ನಿಜವಾದ ಯುದ್ಧ ಆಗ ಶುರುವಾಯಿತು. 1529ರ ಫೆಬ್ರವರಿಯಲ್ಲಿ ಕಾಬೂಲಿನಲ್ಲಿದ್ದ ಹಳೆಯ ಗೆಳೆಯ ಖ್ವಾಜಾ ಕಲಾನ್‌ಗೆ ಅವನು ಉದ್ದ ಪತ್ರ ಬರೆದ. ಇಬ್ಬರೂ ಕೂತು ಕುಡಿದವರೇ. ಅದರಲ್ಲಿ ಎಲ್ಲ ಒಪ್ಪಿಕೊಂಡಿದ್ದಾನೆ. ಎರಡು ವರ್ಷದಿಂದ ಕೂಟದ ಆಸೆ ಕೊನೆಯಿಲ್ಲದಷ್ಟು ಕಾಡಿತ್ತು, ಎಷ್ಟೋ ಸಲ ಆ ಚಪಲದಿಂದ ಅಳು ಬರುವ ಹಾಗಾಗಿತ್ತು ಅಂತ. ಬಿಟ್ಟದ್ದಕ್ಕೇ ಬೇಸರಪಟ್ಟು ಪದ್ಯ ಕಟ್ಟಿದ್ದನ್ನೂ ಅಡಗಿಸಲಿಲ್ಲ. ಅದೇ ಪತ್ರದಲ್ಲಿ ಇನ್ನೊಂದು ಸಂಗತಿ ಉಂಟು. ಯಾರೋ ಕರಬೂಜ ಹಣ್ಣು ತಂದುಕೊಟ್ಟರು, ಕೊಯ್ದು ತಿನ್ನುವಾಗ ಊರು ನೆನಪಾಗಿ ಅತ್ತುಬಿಟ್ಟ. ಚಟ ಅಂದರೆ ಬರೀ ಮದ್ಯದ ರುಚಿಯಲ್ಲ. ಅದರ ಸುತ್ತ ಊರು, ತೋಟ, ಗೆಳೆಯರು, ಪ್ರಾಯ ಎಲ್ಲ ಸುತ್ತಿಕೊಂಡಿರ್ತದೆ. ಎಳೆದರೆ ಎಲ್ಲ ಒಟ್ಟಿಗೆ ಬರ್ತದೆ.

ಆ ವರ್ಷ ಮಾತ್ರ, ಅಲ್ಲಾಹನ ಕೃಪೆಯಿಂದ, ಆ ಸಂಕಟ ಹೋಯಿತು ಎಂದು ಬರೆದಿದ್ದಾನೆ. ಕಾರಣವನ್ನೂ ಊಹಿಸಿದ್ದಾನೆ. 1528ರ ನವೆಂಬರಿನಲ್ಲಿ ಜ್ವರ ಬಂದು ಮಲಗಿದ್ದಾಗ ಖ್ವಾಜಾ ಉಬೈದುಲ್ಲಾಹ್ ಅಹ್ರಾರರ ವಾಲಿದಿಯ್ಯಾ ಎಂಬ ಕಿರುಗ್ರಂಥವನ್ನು ಪದ್ಯಕ್ಕೆ ಇಳಿಸುವ ಕೆಲಸ ಹಿಡಿದ. ಬುರ್ದಾ ಬರೆದು ಇಮಾಂ ಬೂಸೀರಿಯವರ ಪಾರ್ಶ್ವವಾಯು ಗುಣವಾದದ್ದು ಅವನ ಮನಸ್ಸಿನಲ್ಲಿತ್ತು. ನಾವು ಮಸೀದಿಯಲ್ಲಿ ಓದುವ ಅದೇ ಬುರ್ದಾ. ದಿನಕ್ಕೆ ಹತ್ತು ದ್ವಿಪದಿಗೆ ಕಡಿಮೆಯಾಗಬಾರದು ಎಂದು ಕಟ್ಟಿಕೊಂಡ. ಜ್ವರ ಬಿಟ್ಟಿತು. ಕುಡಿತದ ಆಸೆ ಹೋದದ್ದಕ್ಕೂ ಈ ಕೆಲಸದ ಬರ್ಕತ್ತೇ ಕಾರಣ ಇರಬಹುದೆಂದು ಗೆಳೆಯನಿಗೆ ಬರೆದ. ನೀನೂ ಬಿಡು ಅಂತಲೂ ಹೇಳಿದ.

ಅವನನ್ನು ವಲಿಯ ಹಾಗೆ ಚಿತ್ರಿಸುವುದು ನಮಗೆ ಬೇಕಿಲ್ಲ. ಮದ್ಯ ಬಿಟ್ಟವನು ಮಅಜೂನ್ ಬಿಡಲಿಲ್ಲ. 1528ರಲ್ಲಿ ಗ್ವಾಲಿಯರಿನಲ್ಲಿ ಕಿವಿನೋವಿಗೆ ಅಂತ ಅಫೀಮು ತಿಂದ. ಬೆಳದಿಂಗಳೂ ಒಂದು ನೆಪವಾಗಿತ್ತು ಎಂದು ಅವನೇ ಒಪ್ಪಿಕೊಳ್ತಾನೆ. ಮರುದಿನ ವಾಂತಿ ಮಾಡಿ ಮಾಡಿ ಸುಸ್ತು. ಮತ್ತು ಬರಿಸುವುದೆಲ್ಲ ಹರಾಂ ಎಂದು ನಮ್ಮ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ಅರ್ಧ ತೆರೆದಿಟ್ಟ ಹಾಗಾಯಿತು. ಆ ಬಾಗಿಲಿನಿಂದ ಮನೆತನಕ್ಕೆ ಏನೇನು ಬಂತು ನೋಡಿ. ಮರಿಮೊಮ್ಮಗ ದಾನಿಯಾಲ್‌ಗೆ ಮದ್ಯ ಸಿಗದ ಹಾಗೆ ಅಕ್ಬರ್ ಕಾವಲು ಹಾಕಿದ್ದ. ಸೇವಕನೊಬ್ಬ ಬಂದೂಕಿನ ನಳಿಗೆಯಲ್ಲಿ ತುಂಬಿ ತಂದುಕೊಟ್ಟ. ತುಕ್ಕು ಬೆರೆತ ಆ ಮದ್ಯ ಕುಡಿದು ಅವನು 1605ರಲ್ಲಿ ಬುರ್ಹಾನ್‌ಪುರದಲ್ಲಿ ಸತ್ತ. ಅವನ ಅಣ್ಣ ಮುರಾದ್ ಅದಕ್ಕೂ ಮೊದಲೇ ಕುಡಿತದಿಂದ ಹೋಗಿದ್ದ.

ಬಾಬರ್ 1530ರ ಡಿಸೆಂಬರಿನಲ್ಲಿ ಆಗ್ರಾದಲ್ಲಿ ತೀರಿಕೊಂಡ, ನಲವತ್ತೇಳು ವಯಸ್ಸು. ಮೊದಲು ಅಲ್ಲೇ ದಫನ ಮಾಡಿ, ಮುಂದೆ ಕಾಬೂಲಿನ ಅವನ ತೋಟಕ್ಕೇ ಒಯ್ದರು.

ಹುಡುಗ ಎಲ್ಲ ತಲೆ ಬಗ್ಗಿಸಿ ಕೇಳಿದ. ಮಅಜೂನಿನ ವಿಷಯ ಬಂದಾಗ ಸ್ವಲ್ಪ ನಕ್ಕ, ಅವನ ಗುಟ್ಟು ಅಲ್ಲೇ ಇತ್ತು ಕಾಣ್ತದೆ. ಹೊರಡುವಾಗ ಒಂದೇ ಪ್ರಶ್ನೆ ಕೇಳಿದ, ಬಾದಶಾಹನಿಗೆ ಆಸೆ ಹೋಗಲು ಎಷ್ಟು ತಿಂಗಳು ಹಿಡಿಯಿತು ಅಂತ. ಪತ್ರದ ಲೆಕ್ಕದಲ್ಲಿ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಅಂದೆವು. ತನ್ನದು ಮೂರು ಮಾತ್ರ ಆಗಿದೆ ಅಂದ, ಚಪ್ಪಲಿ ಹಾಕಿಕೊಂಡು ಹೊರಟ.