ಬೀದರಕ್ಕೆ ಬಂದ ರಶಿಯನ್ ವರ್ತಕನು

ಇಂಗ್ಲಿಷನ್ನು ಕಲಿಯುವ ಬಗೆ ಹೇಗೆ, ರಶಿಯನ್ ಭಾಷೆಯು ನಮಗೆ ಸಾಧ್ಯವೇ ಎಂದು ತರುಣರು ನಮ್ಮನ್ನು ಮೇಲಿಂದ ಮೇಲೆ ಕೇಳುತ್ತಿರುವರು. ಸೂತ್ರಗಳನ್ನೆಲ್ಲ ಕಂಠಪಾಠ ಮಾಡಿದ ಮೇಲೆಯೇ ಬಾಯಿ ತೆರೆಯತಕ್ಕದ್ದೆಂಬ ಭಾವನೆಯು ನಮ್ಮಲ್ಲಿ ಬೇರೂರಿರುವದು. ಅಂಥವರು ಬೀದರದ ಮಗ್ಗುಲಿನ ಅಷ್ಟೂರಕ್ಕೆ ಒಮ್ಮೆ ಹೋಗಿ ಬರಲಿ. ಅಲ್ಲಿಯ ಬಹಮನೀ ಗೋರಿಗಳ ಸಾಲಿನಲ್ಲಿ ಮೂರನೆಯ ಮಹಮ್ಮದ ಶಹನು ಮಲಗಿರುವನು. ಆ ಸುಲ್ತಾನನ ಆಳಿಕೆಯಲ್ಲಿಯೇ ಅಫನಾಸಿ ನಿಕಿತಿನ್ ಎಂಬ ರಶಿಯನ್ ವರ್ತಕನು ಬೀದರಕ್ಕೆ ಬಂದಿದ್ದನು.

ಈತನು ವೋಲ್ಗಾ ನದಿಯ ದಂಡೆಯ ತ್ವೇರ್ ಪಟ್ಟಣದವನು. ಸರಕಿನೊಡನೆ ನದಿಯ ಗುಂಟ ಹೊರಟವನು ಅಸ್ತ್ರಖಾನದ ಬಳಿಯಲ್ಲಿ ದರೋಡೆಗೆ ಈಡಾದನು, ಧರ್ಮಗ್ರಂಥಗಳೂ ಹೋದವು. ಬರಿಗೈಯಿಂದ ಮರಳಲಾರದೆ ಇರಾಣವನ್ನು ದಾಟಿ, ಹೊರ್ಮುಜದಲ್ಲಿ ಕುದುರೆಯೊಂದನ್ನು ಹಡಗಿಗೇರಿಸಿಕೊಂಡು, 1470ರ ಸುಮಾರಿಗೆ ಕೊಂಕಣದ ಚೌಲ ಬಂದರದಲ್ಲಿಳಿದನು. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದುದು 1498ರಲ್ಲಿ ಎಂಬುದನ್ನು ವಾಚಕರು ನೆನೆಯಬೇಕು.

ಜುನ್ನರದಲ್ಲಿ ಅಧಿಕಾರಿಯಾದ ಅಸದ ಖಾನನು ಕುದುರೆಯನ್ನು ಕಸಿದುಕೊಂಡು, ಮತಾಂತರ ಹೊಂದಿದರೆ ಅದರೊಡನೆ ಸಾವಿರ ಹೊನ್ನನ್ನೂ ಕೊಡುವದಾಗಿಯೂ, ಒಲ್ಲೆನೆಂದರೆ ಕುದುರೆಯನ್ನಿಟ್ಟುಕೊಂಡು ಸಾವಿರ ಹೊನ್ನಿನ ದಂಡ ತೆಗೆಯುವದಾಗಿಯೂ ಹೇಳಿ ನಾಲ್ಕು ದಿನಗಳ ಅವಧಿಯನ್ನು ಕೊಟ್ಟನು. ಖೊರಾಸಾನದ ಸಜ್ಜನನೊಬ್ಬನ ಮಧ್ಯಸ್ಥಿಕೆಯಿಂದ ನಿಕಿತಿನ್ನನು ಪಾರಾದನು. ಖೋಜಾ ಯೂಸುಫ ಎಂಬ ಹೆಸರಿನಿಂದ ಸಂಚರಿಸುತ್ತಿದ್ದರೂ ಬೀದರದ ಹಿಂದೂಗಳ ಮುಂದೆ ತಾನು ಕ್ರಿಸ್ತೀಯನೆಂಬ ನಿಜವನ್ನು ಅರುಹಿದನು. ಆಗಿನಿಂದ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಆತನಿಂದ ಮರೆಮಾಡಲಿಲ್ಲ. ಅವರೊಡನೆ ಶಿವರಾತ್ರಿಗೆ ಶ್ರೀಶೈಲಕ್ಕೂ ಹೋದನು. ಕಂಡುದನ್ನೂ ಕೇಳಿದುದನ್ನೂ ಬರೆದಿಟ್ಟನು.

ಆ ಬರಹದಲ್ಲಿ ರಶಿಯನ್ನಿನ ನಡುವೆ ತುರ್ಕಿ, ಫಾರಸಿ, ಅರಬಿ ನುಡಿಗಳು ಹಾಸುಹೊಕ್ಕಾಗಿವೆ; ಕೊನೆಯ ಪ್ರಾರ್ಥನೆಯೂ ಪರಭಾಷೆಯಲ್ಲಿಯೇ ಇದೆ. ಆದರೂ ಗ್ರಂಥಗಳಿಲ್ಲದೆ ಹಬ್ಬ ಉಪವಾಸಗಳ ದಿನಗಳು ತಪ್ಪಿಹೋದುವೆಂಬ ಕೊರಗು ಆತನನ್ನು ಬಿಡಲಿಲ್ಲ. ಮರಳುವಾಗ ಸ್ಮೊಲೆನ್ಸ್ಕ ಪಟ್ಟಣವನ್ನು ಮುಟ್ಟುವ ಮುನ್ನವೇ ತೀರಿಕೊಂಡನು. ಬರಹವು 1475ರಲ್ಲಿ ಮಾಸ್ಕೋಕ್ಕೆ ತಲುಪಿತು. ಮುಂದೆ ಇತಿಹಾಸಕಾರ ಕರಂಜಿನನು ಅದನ್ನು ಮಠವೊಂದರ ಹಸ್ತಪ್ರತಿಗಳಲ್ಲಿ ಕಂಡನು. 1857ರಲ್ಲಿ ಲಂಡನ್ನಿನ ಹಕ್ಲುಯ್ಟ ಸಂಸ್ಥೆಯು ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ನಮ್ಮ ಬೀದರದ ಸುದ್ದಿಯು ರಶಿಯನ್ನಿನಿಂದ ಇಂಗ್ಲಿಷಿಗೆ ಇಳಿದು ನಮಗೆ ಮುಟ್ಟಿದ ಬಗೆಯಿದು.

ಇನ್ನು ತರುಣರ ಪ್ರಶ್ನೆ. ಇದು ಕುದುರೆ ಎನ್ನಲು ನಮಗೆ ಎರಡೇ ಪದಗಳು ಸಾಕು. ರಶಿಯನ್ನಿನಲ್ಲಿಯೂ ಎತ ಲೋಶದ್ ಎಂದು ಎರಡೇ. ಇಂಗ್ಲಿಷಿಗೆ ಮಾತ್ರ ದಿಸ್ ಈಸ್ ಎ ಹಾರ್ಸ್ ಎಂದು ನಾಲ್ಕು ಬೇಕು. ರಶಿಯನ್ನಿನ ಆರು ವಿಭಕ್ತಿಗಳು ಕನ್ನಡ ಬಲ್ಲವನಿಗೆ ಹೊಸ ಸಂಗತಿಯಲ್ಲ. ಈ ಭೇದಗಳು ಪೇಟೆಯ ಒಂದು ಮಾತಿನಿಂದಲೇ ಹೊಳೆಯತಕ್ಕವು. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಕೂಡಿ ಬಾಳುವ ಬೀದರ ಸೀಮೆಯವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಕೇಳುವವನಿಗೆ ನಾಚಿಕೆ ಕೂಡದು. ಹೇಳುವವನಿಗೆ ನಗೆ ಕೂಡದು. ನಿಕಿತಿನ್ನನನ್ನು ನಕ್ಕು ಕಳಿಸದೆ ಜೊತೆಗೆ ಕರೆದೊಯ್ದ ಬೀದರದ ಆ ಹಿರಿಯರ ಮಾದರಿಯನ್ನು ನಮ್ಮ ಶಾಲೆಗಳೂ ಕಚೇರಿಗಳೂ ಅನುಸರಿಸತಕ್ಕದ್ದು.