ನಕ್ಷತ್ರ ನೋಡುತ್ತಿದ್ದ ಪಾದ್ರಿ ಕಡಲಿಗೆ ತಟ್ಟೆ ಇಳಿಸಿದ್ದೇಕೆ?

ಹವಳದ ದಿಬ್ಬಗಳ ಸುತ್ತ ನೀರು ಸದಾ ಗಾಜಿನಷ್ಟು ತಿಳಿಯಾಗಿರುತ್ತದೆ ಎಂದು ನಂಬಿದವರು ಬಹಳ. ಫೋಟೊಗಳು ಹಾಗೇ ತೋರಿಸುತ್ತವೆ! ಆದರೆ ದಡಕ್ಕೆ ಹತ್ತಿರವಿರುವ ದಿಬ್ಬಗಳಲ್ಲಿ ಉಬ್ಬರವಿಳಿತದ ಸೆಳೆತ ಜೋರಾದಾಗ ತಳದ ಹೂಳು ಮೇಲೆದ್ದು ನೀರು ಕದಡುತ್ತದೆ. ಸೆಳೆತ ತಗ್ಗಿದಾಗ ಹೂಳು ಮತ್ತೆ ಕೆಳಗಿಳಿದು ಹವಳದ ಮೇಲೂ ಕೂರುತ್ತದೆ. ಈ ಕದಡನ್ನು ಅಳೆಯಲು ತೀರಾ ಸರಳವಾದ ಸಾಧನ ಕೊಟ್ಟವರು ಒಬ್ಬ ಖಗೋಳ ವಿಜ್ಞಾನಿ, ಏಂಜೆಲೊ ಸೆಕ್ಕಿ.

ಸೆಕ್ಕಿ ಹುಟ್ಟಿದ್ದು 1818ರಲ್ಲಿ, ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ. ಹದಿಹರೆಯದಲ್ಲೇ ಜೆಸ್ಯೂಯಿಟ್ ಸಂಘ ಸೇರಿದರು. 1848ರ ದಂಗೆಯಲ್ಲಿ ಜೆಸ್ಯೂಯಿಟರು ರೋಮ್ ಬಿಡಬೇಕಾಯಿತು. ಸೆಕ್ಕಿ ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕದ ಜಾರ್ಜ್‌ಟೌನ್‌ಗೆ ಹೋದರು. ಮರಳಿ ಬಂದು ರೋಮಿನ ತಮ್ಮ ಕಾಲೇಜಿನ ವೀಕ್ಷಣಾಲಯದ ಮುಖ್ಯಸ್ಥರಾದರು. ನಾಲ್ಕು ಸಾವಿರದಷ್ಟು ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿ, ಅವನ್ನು ಗುಂಪುಗಳಾಗಿ ವಿಂಗಡಿಸಿದರು.

ಕಡಲಿನ ಕೆಲಸಕ್ಕೆ ಅವರನ್ನು ಕರೆದದ್ದು ಪೋಪರ ನೌಕಾಪಡೆಯ ಅಲೆಸ್ಸಾಂಡ್ರೊ ಚಾಲ್ದಿ. ಅಲೆಗಳ, ಸೆಳೆತಗಳ ಬಗ್ಗೆ ಚಾಲ್ದಿಗೆ ವಿಪರೀತ ಆಸಕ್ತಿ. 1865ರ ಏಪ್ರಿಲ್‌ನಲ್ಲಿ ಚಿವಿತಾವೆಕ್ಯಾ ಬಂದರಿನಾಚೆ ಹಡಗಿನಿಂದ ತಟ್ಟೆಗಳನ್ನು ಇಳಿಸಿ, ಯಾವ ಆಳದಲ್ಲಿ ಅವು ಕಣ್ಮರೆಯಾಗುತ್ತವೆ ಎಂದು ಬರೆದಿಟ್ಟರು. ಒಂದು ತಟ್ಟೆಯಂತೂ ಮೂರೂವರೆ ಮೀಟರಿಗಿಂತ ಅಗಲ! ಇಷ್ಟಕ್ಕೇ ಬಿಟ್ಟಿದ್ದರೆ ಅದು ಮೀನುಗಾರರಿಗೂ ತೋಚಬಹುದಾದ ಉಪಾಯ. ಸೆಕ್ಕಿ ಮುಂದೆ ಹೋದರು. ಸೂರ್ಯ ಎಷ್ಟು ಮೇಲಿದ್ದಾನೆ, ಮೋಡವಿದೆಯೇ, ತಟ್ಟೆಯ ಬಣ್ಣ ಯಾವುದು, ಅಗಲ ಎಷ್ಟು, ಹಡಗಿನ ನೆರಳು ಬಿದ್ದಿದೆಯೇ ಎಂಬುದನ್ನೆಲ್ಲ ಬೇರೆಬೇರೆಯಾಗಿ ಪರೀಕ್ಷಿಸಿದರು. ಬೇರೆಯವರು ಬೇರೆ ಕಡಲಲ್ಲಿ ಮಾಡಿದ ಅಳತೆಯನ್ನು ಹೋಲಿಸಲು ಆಗುವುದು ಇದರಿಂದಲೇ. ಈಗ ಸಾಮಾನ್ಯವಾಗಿ ಬಳಸುವುದು 20 ಅಥವಾ 30 ಸೆಂಟಿಮೀಟರಿನ ತಟ್ಟೆ. ಅದರ ಹೆಸರೇ ಸೆಕ್ಕಿ ತಟ್ಟೆ.

1870ರಲ್ಲಿ ರೋಮ್ ಪೋಪರ ಕೈತಪ್ಪಿತು. ಹೊಸ ಸರ್ಕಾರ ಜೆಸ್ಯೂಯಿಟರ ಆಸ್ತಿ ವಶಪಡಿಸಿಕೊಂಡರೂ ಸೆಕ್ಕಿ ವೀಕ್ಷಣಾಲಯದಲ್ಲೇ ಉಳಿದು, 1878ರಲ್ಲಿ ತೀರಿಕೊಂಡರು.

ಹವಳಕ್ಕೂ ಇದಕ್ಕೂ ಏನು ನಂಟು? ಹವಳದ ಜೀವಿಯೊಳಗಿನ ಪಾಚಿಗೆ ಬೆಳಕು ಬೇಕು. ಆ ಪಾಚಿಯೇ ಹವಳಕ್ಕೆ ಹೆಚ್ಚಿನ ಆಹಾರ ಒದಗಿಸುತ್ತದೆ. ನೀರು ಬಹುಕಾಲ ಕದಡಿದ್ದರೆ ಹವಳ ಸೊರಗುತ್ತದೆ. ತಟ್ಟೆಗೊಂದು ಮಿತಿಯೂ ಇದೆ, ಇಳಿಸಿದ ಆ ಹೊತ್ತಿನ ನೀರನ್ನಷ್ಟೇ ಅದು ತೋರಿಸುತ್ತದೆ, ಅದೂ ಹಗಲಲ್ಲಿ. ಉಬ್ಬರವಿಳಿತವೋ ರಾತ್ರಿಯೂ ನಡೆಯುತ್ತದೆ. ಹಾಗಾಗಿ ಹೂಳಿನ ಕಣಗಳಿಂದ ಚದುರುವ ಬೆಳಕನ್ನು ಅಳೆಯುವ ಸೆನ್ಸರ್‌ಗಳನ್ನು ಇಂದು ದಿಬ್ಬದ ಬಳಿ ವಾರಗಟ್ಟಲೆ ಬಿಡುತ್ತಾರೆ. ಆದರೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್‌ನಲ್ಲಿ 1928ರ ನೀರು ಎಷ್ಟು ತಿಳಿಯಾಗಿತ್ತು ಎಂದು ನೋಡಬೇಕಾದರೆ, ಅಲ್ಲಿ ಬೀಡುಬಿಟ್ಟಿದ್ದ ಸಂಶೋಧಕರು ಸೆಕ್ಕಿ ತಟ್ಟೆ ಇಳಿಸಿ ಬರೆದಿಟ್ಟ ಆಳಗಳನ್ನೇ ಹುಡುಕಬೇಕು.